ದೋಣಿಯ ಬಾಲ

“ಮತ್ತ ಬಲಕ್ಕ ವಾಲಿದ್ರು ನೋಡ್ರಿ, ಹಿಡೀರಿ,” ಎನ್ನುತ್ತ ಜಂಗಮರಾದ ಶಾಂತಯ್ಯನವರು ಗೋಡೆಯ ಗೂಟಕ್ಕೆ ಕಟ್ಟಿದ್ದ ಧೋತರದ ಗಂಟನ್ನು ಬಿಚ್ಚಿ ಇನ್ನಷ್ಟು ಬಿಗಿದರು. ಇಬ್ಬರು ಗಂಡಸರು ಗುರುಬಸವನ ಹೆಗಲು ಹಿಡಿದು ನೆಟ್ಟಗೆ ಮಾಡಿದರು. ಅವರು ಕೈಬಿಟ್ಟ ಮೇಲೆ ಸ್ವಲ್ಪ ಹೊತ್ತು ಹಾಗೇ ಇದ್ದ ದೇಹ, ಬಲಗಡೆಯಿಂದ ಯಾರೋ ಕರೆದಂತೆ, ಮೆಲ್ಲಗೆ ಆ ಕಡೆ ಸರಿಯಿತು.

ಕುಳಿತೇ ಮಣ್ಣಿಗೆ ಹೋಗಬೇಕಾದ ದೇಹ ಅದು. ಎಡಗೈಯಲ್ಲಿ ಲಿಂಗ, ಹಣೆ ತುಂಬ ವಿಭೂತಿ, ಬೆನ್ನು ನೆಟ್ಟಗೆ. ಮೊದಲಿನ ಎರಡೂ ಆಗಿದ್ದವು. ಮೂರನೆಯದಕ್ಕೆ ಗುರುಬಸವ ಒಪ್ಪುತ್ತಿರಲಿಲ್ಲ.

ಮಾಳಮಡ್ಡಿಯ ಆ ಸಣ್ಣ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಭಜನೆಯವರು ತಾಳಗಳನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಯುತ್ತಿದ್ದರು. ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗಲೇ ಗುರುಬಸವನ ಜೀವ ಹೋಗಿತ್ತು. ಚಹಾದ ಕಪ್ ಕೈಯಿಂದ ಜಾರಿ ಕಟ್ಟೆಯ ಮೇಲೆ ಉರುಳಿತ್ತು, ಒಡೆದಿರಲಿಲ್ಲ. ಮಂದಿ ಕೂಡುವ ಮೊದಲು ದಾಕ್ಷಾಯಿಣಿ ಅದನ್ನು ತೊಳೆದು ಅಡುಗೆಮನೆಯಲ್ಲಿ ಬೋರಲು ಹಾಕಿ ಬಂದು ಗಂಡನ ಪಕ್ಕದಲ್ಲಿ ಕುಳಿತಿದ್ದಳು.

“ಜೀವ ಇದ್ದಾಗರೆ ಎಲ್ಲಿ ನೆಟ್ಟಗ ಕುಂತಿದ್ದ ನನ್ನ ತಮ್ಮ,” ಎಂದಳು ಮೂಲೆಯಲ್ಲಿದ್ದ ಮುರಿಗೆವ್ವ. ಅತ್ತು ಅತ್ತು ದನಿ ಒಡೆದಿದ್ದರೂ ನಾಲಿಗೆ ಎಂದಿನಂತೆಯೇ ಇತ್ತು. “ಉಣ್ಣಾಕ ಕುಂತರೂ ಹಂಗ, ಪೂಜಾಕ್ಕ ಕುಂತರೂ ಹಂಗ. ಬಸ್ಸಿನ ಕಿಟಕಿ ಮನೀತನಕ ಬೆನ್ನ ಹತ್ತಿ ಬಂದಿತ್ತು ಅವಗ.”

ಯಾರೋ ಮೂಗಿನಲ್ಲಿ ನಕ್ಕು, ನಕ್ಕಿದ್ದನ್ನು ಮುಚ್ಚಲು ಕೆಮ್ಮಿದರು.

ದಾಕ್ಷಾಯಿಣಿ ಸೆರಗನ್ನು ಸರಿಮಾಡಿಕೊಂಡು, “ಅಯ್ಯನವರ, ಒಂದ ಮಾತೈತ್ರಿ,” ಎಂದಳು.

“ಹೇಳವ್ವಾ.”

“ಅಹಮದಣ್ಣಾರು ಬರೂತನಕ ಎತ್ತೂದು ಬ್ಯಾಡ್ರಿ.”

“ನಾಕರ ಸುಮಾರಿಗೆ ಎತ್ತಬೇಕವ್ವಾ. ಕುಣಿ ತಗದಾರ, ಹೊತ್ತ ಮುಳುಗೂದ್ರಾಗ ಮಣ್ಣ ಮಾಡಬೇಕು. ಬರ್ತಾನ ತಗೋ. ಊರ ಮಂದಿ ಎಲ್ಲಾ ಬಂದಾರ, ಅಂವ ಬರಲಾರದ ಇರ್ತಾನೇನು?”

“ಬರೂದಿಲ್ರಿ. ಮಳಿಗಾಲದಾಗಿಂದ ಇಬ್ಬರಿಗೂ ಮಾತಿಲ್ಲ.”

ಶಾಂತಯ್ಯನವರು ಕಿಟಕಿಯತ್ತ ನೋಡಿದರು. ಹಿತ್ತಲಿನ ತಗಡಿನ ಛಾವಣಿಯ ಕೆಳಗೆ ತಾಡಪತ್ರಿ ಹೊದ್ದ ಉದ್ದನೆಯ ವಸ್ತುವೊಂದು ಮಲಗಿತ್ತು. ಅದರ ಚೂಪು ಮೂತಿ ಮಾತ್ರ ಹೊರಗೆ ಕಾಣುತ್ತಿತ್ತು. ಓಣಿಯಲ್ಲಿ ಅದು ಏನೆಂದು ಗೊತ್ತಿಲ್ಲದವರು ಇರಲಿಲ್ಲ.

“ಆ ದೋಣೀ ಜಗಳಾ ಏನು?”

“ದೋಣೀದಲ್ರಿ,” ಎಂದಳು ದಾಕ್ಷಾಯಿಣಿ. “ಅದರ ಬಾಲದ್ದು.”

ಅದಕ್ಕಿಂತ ಹೆಚ್ಚು ಅವಳು ಹೇಳಲಿಲ್ಲ. ಗುರುಬಸವ ಸೋತಿದ್ದ, ಗೆಳೆಯನ ಮಾತಿಗೆ ಬಾಗಿದ್ದ ಎನ್ನುವುದು ಈ ಮನೆಯಲ್ಲಿ ಈಗ ಅವಳೊಬ್ಬಳಿಗೇ ಗೊತ್ತಿತ್ತು. ಅಹಮದಸಾಬನಿಗೆ ಅದು ಗೊತ್ತಿರಲಿಲ್ಲ. ಅದನ್ನು ತಿಳಿಯದೆ ಅವನು ದೂರ ಉಳಿದು, ಇತ್ತ ಗುರುಬಸವ ಮಣ್ಣಿಗೆ ಹೋಗಿಬಿಟ್ಟರೆ, ಸಿಟ್ಟಿನಲ್ಲಿ ಆಡಿದ ಮಾತೇ ಇಬ್ಬರ ನಡುವೆ ಕೊನೆಯ ಮಾತಾಗಿ ಉಳಿಯುತ್ತಿತ್ತು.

*

ಗುರುಬಸವ ಬಸ್ಸಿನ ಚಾಲಕನಾಗಿದ್ದ. ಅರ್ಧ ಆಯುಷ್ಯ ಧಾರವಾಡದಿಂದ ಕಾರವಾರಕ್ಕೆ ಹೋಗಿ ಬರುವುದರಲ್ಲೇ ಕಳೆದಿತ್ತು. ಘಟ್ಟ ಇಳಿದು, ಕಾರವಾರದ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿ, ಊಟ ಮಾಡಿ, ಮುಂದಿನ ಗಾಜು ಒರೆಸಿ, ಮತ್ತೆ ಘಟ್ಟ ಹತ್ತಬೇಕು. ಹತ್ತಿರದಲ್ಲೇ ಸಮುದ್ರ. ಅದರ ಸಪ್ಪಳ ಕೇಳುತ್ತ ಉಂಡಿದ್ದನೇ ಹೊರತು ಕಾಲು ತೋಯಿಸಿಕೊಂಡಿದ್ದು ಕಡಿಮೆ.

ಮದುವೆಯಾದ ಹೊಸತರಲ್ಲಿ ಒಮ್ಮೆ ದಾಕ್ಷಾಯಿಣಿಯನ್ನು ಅದೇ ಬಸ್ಸಿನಲ್ಲಿ ಕರೆದೊಯ್ದಿದ್ದ. ಅವಳು ಮುಂದಿನ ಸೀಟಿನಲ್ಲಿ ಕುಳಿತು ದಾರಿಗಿಂತ ಅವನನ್ನೇ ಹೆಚ್ಚು ನೋಡಿದ್ದಳು. ಬಲ ಮೊಣಕೈ ಕಿಟಕಿಯ ಮೇಲೆ, ಮೈ ಅರ್ಧ ಆ ಕಡೆ ವಾಲಿ, ಇಡೀ ಬಸ್ಸು ತನ್ನ ಬಗಲಲ್ಲಿ ಇದೆ ಎಂಬಂತೆ ಕುಳಿತಿದ್ದ. ಎದುರಿನಿಂದ ಬಸ್ಸು ಬಂದಾಗಲೆಲ್ಲ, ಮೊಣಕೈ ಎತ್ತದೆ ಅಂಗೈ ಮಾತ್ರ ಎತ್ತುತ್ತಿದ್ದ. ಆ ಕಡೆಯ ಚಾಲಕನೂ ಹಾಗೆಯೇ ಎತ್ತುತ್ತಿದ್ದ.

“ಅವರೆಲ್ಲಾ ಯಾರ್ರಿ?” ಎಂದು ಕೇಳಿದ್ದಳು.

“ಯಾರಿಗೆ ಗೊತ್ತು. ಎದುರ ಬಂದವರಿಗೆ ಕೈ ಎತ್ತಬೇಕು, ಅಷ್ಟ.”

ಅಂದಿನಿಂದ ಅವಳು ಅವನ ಅಂಗಿಗಳ ಬಲ ಮೊಣಕೈಗೆ ತೇಪೆ ಹಾಕುತ್ತ ಬಂದಳು. ಎಡ ತೋಳು ಹೊಸದಾಗಿಯೇ ಇರುವಾಗ ಬಲ ತೋಳು ಸವೆದು ಜಾಳಾಗುತ್ತಿತ್ತು. ನಿವೃತ್ತಿಗೆ ಇನ್ನೂ ಸ್ವಲ್ಪ ಕಾಲವಿರುವಾಗ, ಬೆನ್ನು ಸೊಟ್ಟಗಾಗಿದೆ ಎಂದು ವೈದ್ಯರು ಹೇಳಿದ್ದರಿಂದ ಸ್ಟಿಯರಿಂಗ್ ಬಿಡಿಸಿ ಅವನನ್ನು ಡಿಪೋದ ಗೇಟಿನಲ್ಲಿ ಕೂರಿಸಿದರು. ಯಾರ ತಪ್ಪೂ ಇರಲಿಲ್ಲ. ಆದರೆ ಆಮೇಲೆ ಸೊಟ್ಟ ಎಂಬ ಮಾತನ್ನು ಆ ಮನೆಯಲ್ಲಿ ಯಾರೂ ಅವನೆದುರು ಆಡಲಿಲ್ಲ. ರೊಟ್ಟಿ ಸೊಟ್ಟಗಾದರೂ ಅವಳು ಬೇರೆ ಏನಾದರೂ ಹೇಳುತ್ತಿದ್ದಳು.

ನಿವೃತ್ತಿಯಾದ ಮೇಲೆ ಮೊಬೈಲಿನಲ್ಲಿ ಅವನಿಗೆ ಆ ದೋಣಿ ಕಂಡಿತು. ಹಾವಿನಂತೆ ಸಣ್ಣ, ಉದ್ದ. ಒಬ್ಬನೇ ಕಾಲು ಚಾಚಿ ಒಳಗೆ ಕುಳಿತು, ಎರಡೂ ತುದಿಗೆ ಎಲೆಯಂಥ ಹಲಗೆ ಇರುವ ಹುಟ್ಟು ಹಾಕುತ್ತ ಸಮುದ್ರದಲ್ಲಿ ದೂರ ಹೋಗುವವರನ್ನು ಅವನು ಉಣ್ಣುವುದನ್ನೂ ಮರೆತು ನೋಡಿದ. ಕಯಾಕ್ ಅಂತ ಅದರ ಹೆಸರು. ಮರುದಿನವೇ ಕೆಲಗೇರಿ ರಸ್ತೆಯಲ್ಲಿದ್ದ ಅಹಮದಸಾಬನ ಅಂಗಡಿಗೆ ಹೋದ. ಅಹಮದಸಾಬ ಲಾರಿಗಳಿಗೆ ಮರದ ಬಾಡಿ ಕಟ್ಟುವ ಬಡಗಿ. ಗುರುಬಸವನಿಗೆ ಪ್ರಾಯದ ದಿನಗಳ ಗೆಳೆಯ. ಇವನಿಗೆ ಅವನು ಮಿಸ್ತ್ರಿ, ಅವನಿಗೆ ಇವನು ಡ್ರೈವರ. ಹೆಸರು ಹಿಡಿದು ಕರೆದಿದ್ದನ್ನು ಯಾರೂ ಕೇಳಿರಲಿಲ್ಲ.

“ಧಾರವಾಡದಾಗ ಸಮುದ್ರ ಎಲ್ಲೈತೋ ಡ್ರೈವರಾ?” ಎಂದು ಅಹಮದಸಾಬ ಕೇಳಿದನಂತೆ.

“ಸಮುದ್ರ ಇದ್ದಲ್ಲಿಗೆ ಒಯ್ಯಾಕ ನಿನ್ನ ಲಾರಿ ಅದಾವಲ್ಲ.”

ದೋಣಿ ಹಿತ್ತಲಿನಲ್ಲಿ ಬೆಳೆಯಿತು. ತೆಳ್ಳನೆಯ ಪ್ಲೈವುಡ್ಡನ್ನು ಉದ್ದುದ್ದ ಕತ್ತರಿಸಿ, ಅಂಚಿನಲ್ಲಿ ಸಣ್ಣ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯಬೇಕಿತ್ತು. ಆಮೇಲೆ ಅಂಟು, ಬಟ್ಟೆ, ಮತ್ತೆ ಅಂಟು. ದೋಣಿಯನ್ನು ಹೊಲಿಯುತ್ತಾರೆ ಎನ್ನುವುದು ದಾಕ್ಷಾಯಿಣಿಗೆ ಬಹಳ ಇಷ್ಟವಾಯಿತು. ಕೌದಿ ಹೊಲಿಯುವ ಕೈ ಅವಳದು. ಒಳಗಿನಿಂದ ಒಬ್ಬರು ತಂತಿ ತೂರಿಸಿದರೆ ಹೊರಗಿನಿಂದ ಇನ್ನೊಬ್ಬರು ಎಳೆಯಬೇಕು. ಒಲೆಯ ಮೇಲೆ ಬೇಳೆ ಇಟ್ಟು ಬಂದು ಅವಳು ತಂತಿ ಎಳೆಯುತ್ತಿದ್ದಳು, ಕುಕ್ಕರು ಕೂಗಿದರೆ ಎದ್ದು ಹೋಗುತ್ತಿದ್ದಳು.

“ನಡುವ ಈ ಗೂಡು ಎದಕ್ಕ?” ಎಂದು ಮುರಿಗೆವ್ವ ಬಗ್ಗಿ ನೋಡಿ ಕೇಳಿದ್ದಳು.

“ಅದರಾಗ ಕುಂದರೂದು ಅಕ್ಕಾ.”

“ಹೆಣಾ ಕುಂದರಸೂ ಗೂಡಿನಂಗೈತಿ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ,” ಎಂದು ಬೈದು ಹೋಗಿದ್ದಳು.

ಮುಂಗಾರು ಹಿಡಿಯುವ ಮೊದಲು ದೋಣಿಯನ್ನು ಲಾರಿಗೆ ಹೇರಿ ಕೆಲಗೇರಿ ಕೆರೆಗೆ ಒಯ್ದರು. ದೋಣಿ ತೇಲಿತು. ಗುರುಬಸವ ಎದುರು ಬಂದ ನೀರುಕೋಳಿಗಳಿಗೂ ಅಂಗೈ ಎತ್ತಿದ. ದಂಡೆಯಲ್ಲಿ ನಿಂತ ಅಹಮದಸಾಬ, ಅವನ ಹೆಂಡತಿ ರಾಜಬಿ, ದಾಕ್ಷಾಯಿಣಿ ಎಲ್ಲರೂ ನಕ್ಕರು. ಆದರೆ ನಡುನೀರಿಗೆ ಹೋಗಿ ಗಾಳಿ ಬೀಸಿದ ಕೂಡಲೇ ದೋಣಿಯ ಮೂತಿ ಎಡಕ್ಕೆ ತಿರುಗಿತು. ಅವನು ಹುಟ್ಟು ಹಾಕಿ ನೆಟ್ಟಗೆ ಮಾಡಿದ. ಮತ್ತೆ ಎಡಕ್ಕೆ. ಎದುರು ದಂಡೆಗೆ ಹೊರಟವನು ಕೆರೆಯ ತುಂಬ ಚಕ್ರ ಹೊಡೆದು ಹೊರಟ ಜಾಗಕ್ಕೇ ಬಂದು ಸೇರಿದ.

ದಾಕ್ಷಾಯಿಣಿಗೆ ದಂಡೆಯಿಂದಲೇ ಕಂಡಿತ್ತು. ನಡುನೀರಿನಲ್ಲಿ, ಇಲ್ಲದ ಕಿಟಕಿಯ ಮೇಲೆ ಮೊಣಕೈ ಇಟ್ಟುಕೊಂಡು, ಅವನು ಬಲಕ್ಕೆ ವಾಲಿ ಕುಳಿತಿದ್ದ. ಆ ಕಡೆ ವಾಲಿದಷ್ಟೂ ದೋಣಿ ಈ ಕಡೆ ತಿರುಗುತ್ತಿತ್ತು. ದಂಡೆಗೆ ಬಂದವನಿಗೆ ಅವಳು ಟವೆಲ್ಲು ಮಾತ್ರ ಕೊಟ್ಟಳು.

*

ಸಾವಿನ ಮನೆಯಲ್ಲಿ ಒಲೆ ಹೊತ್ತುವಂತಿರಲಿಲ್ಲ. ರಾಜಬಿ ದೊಡ್ಡ ಕಿಟ್ಲಿಯಲ್ಲಿ ಚಹಾ ಮಾಡಿಕೊಂಡು ಹಿಂಬಾಗಿಲಿನಿಂದ ಬಂದಳು. ಎಲ್ಲರಿಗೂ ಹಂಚಲು ಮನೆಮಗಳು ಶಾಂಭವಿಯ ಕೈಗೆ ಕಿಟ್ಲಿ ಕೊಟ್ಟು, ದಾಕ್ಷಾಯಿಣಿಯ ಪಕ್ಕ ಕುಳಿತು, ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

“ಅಣ್ಣಾರು?” ಎಂದಳು ದಾಕ್ಷಾಯಿಣಿ.

“ಏನ ಹೇಳಲೆವ್ವಾ. ಸುದ್ದಿ ಕೇಳಿದ್ದ ತಡಾ, ಒಂದ ಮಾತ ಆಡಲಿಲ್ಲ. ಅಂಗಡಿಗೆ ಹೋಗಿ ಒಳಗಿಂದ ಚಿಲಕಾ ಹಾಕ್ಕೊಂಡಾರ. ಬರ್ರಿ ಅಂದ್ರ, ಹೊಸ್ತಲಾ ತುಳೀಬ್ಯಾಡ ಅಂದಾನ, ಅಂದಾವನ ಬಾ ಅನಬೇಕು ಅಂತಾರ.”

“ಅನ್ನೂ ಬಾಯಿ ಈಗ ಎಲ್ಲೈತಿ,” ಎಂದಳು ಮುರಿಗೆವ್ವ. ಎಲ್ಲರ ಮಾತೂ ಅವಳ ಕಿವಿಗೆ ಬೀಳುತ್ತಿತ್ತು.

ಉಣಕಲ್‌ನಿಂದ ಬೆಳಿಗ್ಗೆಯೇ ಓಡಿಬಂದಿದ್ದ ಶಾಂಭವಿ, ಚಹಾ ಹಂಚಿ ಮುಗಿಸಿ, ಅಮ್ಮನ ಮುಖ ನೋಡಿದಳು. ದಾಕ್ಷಾಯಿಣಿ ಹೂಂ ಎಂದಳು. ಮಗಳು ಸ್ಕೂಟರಿನ ಕೀಲಿ ತೆಗೆದುಕೊಂಡು ಹೋದಳು. ಹೋಗಿ ಬರುವುದರೊಳಗೆ ಅಂಗಳದಲ್ಲಿ ಬಿದಿರು ಕಡಿಯುವ ಸಪ್ಪಳ ಶುರುವಾಗಿತ್ತು. ಕುಳಿತ ದೇಹವನ್ನು ಹೊರುವ ವಿಮಾನ ಕಟ್ಟುತ್ತಿದ್ದರು. ಬಾಳೆಕಂಬ, ಚೆಂಡುಹೂವಿನ ಬುಟ್ಟಿ, ಹಗ್ಗದ ಸಿಂಬೆ ಎಲ್ಲವೂ ಕಟ್ಟೆಯ ಮೇಲೆ ಬಂದು ಬಿದ್ದಿದ್ದವು.

ಶಾಂಭವಿ ಒಬ್ಬಳೇ ಬಂದಳು.

“ಬಾಗಲಾ ತಗೀಲಿಲ್ಲವ್ವಾ. ಹೊರಗ ನಿಂತ ಮಾತಾಡಿದೆ. ಒಳಗ ಉಸಕಿನ ಕಾಗದಲೆ ಏನೋ ತಿಕ್ಕಾಕತ್ತಿದ್ರು. ಕಾಕಾ ಅಂದ ಕೂಡಲೇ ಸಪ್ಪಳಾ ನಿಂತತು.”

“ಏನಂದ್ರು?”

“ನಿಮ್ಮಪ್ಪ ಬದುಕಿದ್ರ ಜಗಳಾ ಮಾಡಿ ಅವನ ಮಾತ ಮುರೀತಿದ್ದೆ, ಸತ್ತಾವನ ಮಾತ ಹೆಂಗ ಮುರೀಲಿ ಅಂದ್ರು.”

ರಾಜಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಶಾಂತಯ್ಯನವರು ಬಾಗಿಲಲ್ಲಿ ನಿಂತು ಬಿಸಿಲನ್ನು ನೋಡಿದರು. ಅದು ಅಂಗಳದ ತುಳಸಿಯನ್ನು ದಾಟಿತ್ತು. ದಾಕ್ಷಾಯಿಣಿಗೆ ಗಂಡನ ಗುಟ್ಟನ್ನು ಮಗಳ ಬಾಯಲ್ಲಿ ಹೇಳಿ ಕಳಿಸಬಹುದಿತ್ತು ಎನಿಸಿತು. ಆದರೆ ಅದು ಮುಚ್ಚಿದ ಬಾಗಿಲಿನ ಸಂದಿಯಲ್ಲಿ ಹೇಳುವಂಥದಲ್ಲ. ಅಹಮದಸಾಬ ಕಣ್ಣಾರೆ ನೋಡಬೇಕು, ಬೆರಳು ಹಾಕಿ ನೋಡಬೇಕು. ಅವಳು ಹೊಸ್ತಿಲನ್ನು ನೋಡಿದಳು. ಬೆಳಿಗ್ಗೆಯಿಂದ ಎಷ್ಟೋ ಜನ ದಾಟಿದ ಹೊಸ್ತಿಲು. ತಾನೇ ಹಚ್ಚಿದ್ದ ಅರಿಸಿನ ಅಳಿಸಿಹೋಗಿತ್ತು.

“ಅಯ್ಯನವರ,” ಎಂದಳು. “ಇವರನ್ನ ಈಗ ಹೊರಗ ಒಯ್ಯೂಣ್ರಿ.”

“ವಿಮಾನ ಇನ್ನೂ ಅರ್ಧ ಆಗೇತೆವ್ವಾ.”

“ಅರ್ಧ ಆದದ್ದರಾಗ ಕುಂದರಸ್ರಿ. ಉಳದದ್ದು ಅಲ್ಲೇ ಕಟ್ಟಿದ್ರಾತು.”

“ಬಿಸಲಾಗ ಕುಂದರಸ್ತೀಯೇನ ದಾಕ್ಷಾಯಿಣಿ ನನ್ನ ತಮ್ಮನ್ನ?” ಎಂದಳು ಮುರಿಗೆವ್ವ.

“ಬಿಸಲು ಅವರಿಗೇನು ಹೊಸಾದಲ್ರಿ ಅಕ್ಕಾರ.” ಆಮೇಲೆ ಅವಳು ರಾಜಬಿಯ ಕೈ ಹಿಡಿದು ಎಬ್ಬಿಸಿದಳು. “ನೀವ ಹೋಗ್ರಿ. ಶಾಂಭವಿ ಗಾಡಿ ಮ್ಯಾಲೆ ಹೋಗ್ರಿ. ಹೊಸ್ತಲಾ ದಾಟಬ್ಯಾಡ್ರಿ ಅಂತ ಹೇಳ್ರಿ. ನಿಮ್ಮ ಡ್ರೈವರ ದಾಟಿ ಹೊರಗ ಬಂದು ಕುಂತಾನ, ಅಂಗಳಕ್ಕ ಬರ್ರಿ ಅಂತ ಹೇಳ್ರಿ.”

ರಾಜಬಿ ಅವಳನ್ನು ಒಂದು ಕ್ಷಣ ನೋಡಿ, ಚಪ್ಪಲಿ ಹುಡುಕಲು ಹೋದಳು.

*

ಜಗಳವಾಗಿದ್ದು ಇದೇ ಹಿತ್ತಲಿನಲ್ಲಿ. ಕೆರೆಯಿಂದ ತಂದ ದೋಣಿಯನ್ನು ಮಗುಚಿ ಹಾಕಿ, ಅಹಮದಸಾಬ ಅದರ ತಳವನ್ನು ತುದಿಯಿಂದ ತುದಿಗೆ ಕಣ್ಣಳತೆಯಲ್ಲಿ ನೋಡಿದ್ದ.

“ಬಾಲಾ ಬೇಕು ಇದಕ್ಕ.”

“ಎಂಥಾ ಬಾಲಾ?”

“ಪತಂಗಕ್ಕ ಯಾಕ ಬಾಲಾ ಕಟ್ತಾರ? ಇಲ್ಲಂದ್ರ ಗಾಳ್ಯಾಗ ಗಿರಿಗಿರಿ ತಿರಗತೈತಿ. ಇದೂ ಹಂಗ. ಹಿಂದ, ತಳದಾಗ, ಒಂದು ರೆಕ್ಕಿ ಇಳೀಬೇಕು ನೀರಿಗೆ. ಹಿಂಭಾಗ ಗಟ್ಟಿ ಹಿಡದ್ರ ಮುಂಭಾಗ ನೆಟ್ಟಗ ಹೊಕ್ಕತಿ. ಬ್ಯಾಡಾದಾಗ ದಾರಾ ಜಗ್ಗಿ ಮ್ಯಾಲೆ ಎತ್ಕೋಬೇಕು. ಮೊಬೈಲದಾಗ ತೋರಸ್ಯಾರಲ್ಲ, ಸ್ಕೆಗ್ ಅಂತಾರಂತ,” ಎಂದು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ತಳದ ನಟ್ಟನಡುವೆ ಒಂದು ಗೆರೆ ಎಳೆದ. “ಇಲ್ಲಿ ಸೀಳಬೇಕು.”

“ನೀರ ಹೊಗಲಾರದ ದೋಣಿಗೆ ತೂತು ಕೊರೀತಿ?” ಗುರುಬಸವನ ದನಿ ಏರಿತು. “ನಿನ್ನ ಹಲಗಿ ಎಲ್ಲೋ ಸೊಟ್ಟ ಐತಿ. ಅದನ್ನ ನೋಡು ಮೊದಲ.”

ಆ ಮಾತು ಅಹಮದಸಾಬನಿಗೆ ನಾಟಿತು. ಅವನ ಕೈಯ ಬಾಡಿ ಹೊತ್ತ ಲಾರಿಗಳು ಊರೂರು ತಿರುಗುತ್ತಿದ್ದವು.

“ನನ್ನ ಹಲಗಿ ಸೊಟ್ಟಿಲ್ಲ. ನೀ ಸೊಟ್ಟ ಕುಂದರ್ತಿ.”

ದಾಕ್ಷಾಯಿಣಿ ಬಟ್ಟೆ ಒಣಹಾಕುತ್ತಿದ್ದವಳು ಕೈಯಲ್ಲಿದ್ದ ಅಂಗಿಯೊಂದಿಗೆ ಹಾಗೇ ನಿಂತಳು. ಗುರುಬಸವ ಮೆತ್ತಗೆ, ಬಸ್ಸಿನ ಬಾಗಿಲು ಹಾಕಲು ಹೇಳುವಷ್ಟೇ ಮೆತ್ತಗೆ, “ಇನ್ನ ನನ್ನ ಮನಿ ಹೊಸ್ತಲಾ ತುಳೀಬ್ಯಾಡ ಮಿಸ್ತ್ರಿ,” ಎಂದ.

ಮಳೆ ಹಿಡಿಯಿತು. ದೋಣಿ ಮಗುಚಿಕೊಂಡೇ ಇತ್ತು. ಗುರುಬಸವ ಅದಕ್ಕೆ ಇನ್ನೊಂದು ಸಲ ಬಣ್ಣ ಹಚ್ಚಿದ. ಪೆನ್ಸಿಲ್ಲಿನ ಗೆರೆ ಇದ್ದ ಕಡೆ ಮಾತ್ರ ಬ್ರಶ್ಶು ಆಡಿಸಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ, ಹೊರಗೆ ಜಿಟಿಜಿಟಿ ಮಳೆ ಇರುವಾಗ, ಅಕ್ಕಿ ಆರಿಸುತ್ತಿದ್ದ ದಾಕ್ಷಾಯಿಣಿಗೆ ಗರಗಸದ ಸಪ್ಪಳ ಕೇಳಿತು. ಮೊರವನ್ನು ಕೈಯಲ್ಲೇ ಹಿಡಿದು ಹಿತ್ತಲಿಗೆ ಹೋದಳು. ಅವನು ದೋಣಿಯ ಮೇಲೆ ಬಾಗಿ, ಆ ಗೆರೆಗುಂಟ, ಬಹಳ ಸಾವಕಾಶ, ಕೊರೆಯುತ್ತಿದ್ದ.

“ಮಿಸ್ತ್ರಿ ಹೇಳಿದ್ದು ಖರೇನ ಹಂಗಾರ?”

“ಅರ್ಧ ಗಾಳೀದು,” ಎಂದ ಅವನು, ತಲೆ ಎತ್ತದೆ. “ಅರ್ಧ ನಂದು.”

ಸೀಳಿನ ಒಳಗೆ ನೀರು ಬರದಂತೆ ಸಣ್ಣ ಪೆಟ್ಟಿಗೆ ಕೂಡಿಸಿದ. ಅದರಿಂದ ಒಂದು ದಾರ ಎಳೆದು, ಕುಳಿತುಕೊಳ್ಳುವ ಗೂಡಿನ ಬಲಗಡೆ ಗಂಟು ಹಾಕಿದ. ಪೆಟ್ಟಿಗೆ ಖಾಲಿ ಇತ್ತು, ದಾರಕ್ಕೆ ಏನೂ ಕಟ್ಟಿರಲಿಲ್ಲ.

“ಬಾಲಾನೂ ನೀವ ಮಾಡ್ಕೋರಿ ಮತ್ತ,” ಎಂದಿದ್ದಳು ಅವಳು.

“ತೂತು ನಾ ಕೊರೀಬಹುದು. ಬಾಲಾ ಅವನ ಕೈದ ಆಗಬೇಕು.” ಮೈಮೇಲಿನ ಮರದಪುಡಿ ಜಾಡಿಸುತ್ತ ನಕ್ಕ. “ದೀಪಾವಳಿಗೆ ನಾನ ಹೋಗಿ ಕರಕೊಂಡ ಬರ್ತೇನಿ. ಮಳಿ ನಿಂತ ಮ್ಯಾಲೆ ಸಮುದ್ರೂ ಶಾಂತ ಇರತೈತಿ. ನೀ ಮುಂಚೇಕ ರಾಜಬಿಗೆ ಹೇಳಬ್ಯಾಡ ಮತ್ತ.”

ಓಣಿಯ ಅಂಗಡಿಗಳಲ್ಲಿ ಆಕಾಶಬುಟ್ಟಿಗಳು ಅವನು ಹೋದ ಈ ವಾರವಷ್ಟೇ ತೂಗಾಡಲು ಶುರುವಾಗಿದ್ದವು.

*

ಅಂಗಳದಲ್ಲಿ, ಅರ್ಧ ಕಟ್ಟಿದ ವಿಮಾನದಲ್ಲಿ, ಗುರುಬಸವ ಬಲಕ್ಕೆ ವಾಲಿ ಕುಳಿತಿದ್ದ. ಮೈ ಸೆಟೆದಿತ್ತು. ನೆಟ್ಟಗೆ ಮಾಡಿದರೆ ಇಡಿಯಾಗಿ ಮತ್ತೆ ಆ ಕಡೆಗೇ ಬೀಳುತ್ತಿತ್ತು. ಹಿಡಿದವರು ಬೆವರುತ್ತಿದ್ದರು. ಬಿಸಿಲು ಗೋಡೆ ಹತ್ತಿತ್ತು. ಶಾಂತಯ್ಯನವರು ದಾಕ್ಷಾಯಿಣಿಯ ಕಡೆ ನೋಡಿ, ಇನ್ನು ಕಾಯಲಾಗದು ಎನ್ನುವಂತೆ ಹಗ್ಗವನ್ನು ಕೈಗೆತ್ತಿಕೊಂಡರು.

“ಎದೀಗುಂಟ ಬಿದರಿಗೆ ಜಗ್ಗಿ ಕಟ್ಟೂಣು. ಬ್ಯಾರೆ ದಾರಿ ಇಲ್ಲ.”

“ಕಟ್ಟಬ್ಯಾಡ್ರಿ ಅಯ್ಯಾರ.”

ಗೇಟಿನಲ್ಲಿ ಅಹಮದಸಾಬ ನಿಂತಿದ್ದ. ಬಗಲಲ್ಲಿ ಟವೆಲ್ಲು ಸುತ್ತಿದ ಏನೋ ಇತ್ತು. ಬಿಳಿ ಗಡ್ಡದ ತುಂಬ ಕಟ್ಟಿಗೆಯ ಹುಡಿ. ಅವನು ಮೊದಲು ಮನೆಯ ಬಾಗಿಲನ್ನು ನೋಡಿದ, ಆಮೇಲೆ ಗೆಳೆಯನನ್ನು. ಮಂದಿ ದಾರಿ ಬಿಟ್ಟರು. ಹತ್ತಿರ ಬಂದು ಗುರುಬಸವನ ಪಾದದ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಕುಕ್ಕರಗಾಲಲ್ಲಿ ಕುಳಿತ. ತುಟಿಗಳು ಅಲುಗಿದವು. ಏನು ಹೇಳಿದನೋ ಯಾರಿಗೂ ಕೇಳಲಿಲ್ಲ.

“ಎಷ್ಟ ಬಿಗದ ಕಟ್ಟಿದ್ರೂ ಅಂವ ಅತ್ಲಾಗ ಬರ್ತಾನ,” ಎಂದ ಎದ್ದು ನಿಂತು. “ಮೊಣಕೈ ಇಡಾಕ ಏನರೆ ಬೇಕು ಅವಗ.”

ಟವೆಲ್ಲು ಬಿಚ್ಚಿದ. ಸಾಗವಾನಿ ಕಟ್ಟಿಗೆಯ ಬಾಲ. ಮೀನಿನ ರೆಕ್ಕೆಯಂತೆ ಒಂದು ಕಡೆ ಬಾಗಿ, ಇನ್ನೊಂದು ಕಡೆ ನೆಟ್ಟಗೆ, ತಿಕ್ಕಿ ತಿಕ್ಕಿ ನುಣುಪಾಗಿ, ಎಣ್ಣೆ ಹಚ್ಚಿ ಮಿರುಗುತ್ತಿತ್ತು. ಜಗಳವಾದ ವಾರವೇ ಮಾಡಿಟ್ಟಿದ್ದರು, ಅಂಗಡಿಯ ಮೊಳೆಗೆ ತೂಗುಹಾಕಿದ್ದರು ಎಂದು ರಾಜಬಿ ದಾಕ್ಷಾಯಿಣಿಯ ಕಿವಿಯಲ್ಲಿ ಹೇಳಿದಳು.

ಅಹಮದಸಾಬ ಗೆಳೆಯನ ಕೈಯನ್ನು ಎಳೆಯಲಿಲ್ಲ. ಮೊಣಕೈ ಎಲ್ಲಿತ್ತೋ ಅಲ್ಲಿಗೇ ಬಾಲವನ್ನು ತಂದು, ನೆಟ್ಟಗಿನ ಅಂಚು ಮೇಲೆ ಮಾಡಿ, ಬಲಗಡೆಯ ಬಿದಿರಿಗೆ ಹಗ್ಗದಿಂದ ಸುತ್ತಿ ಸುತ್ತಿ ಬಿಗಿದ. ಲಾರಿಯ ಮೂಲೆ ಕಟ್ಟುವಾಗ ಹಾಕುವ ಗಂಟು ಹಾಕಿದ. “ಈಗ ಬಿಡ್ರಿ,” ಎಂದ.

ಹಿಡಿದವರು ಹೆದರುತ್ತ ಕೈಬಿಟ್ಟರು. ಗುರುಬಸವ ಬಲಕ್ಕೆ ಸ್ವಲ್ಪ ಸರಿದ. ಮೊಣಕೈ ಕಟ್ಟಿಗೆಯ ಮೇಲೆ ಕೂತಿತು. ಅಲ್ಲಿಗೆ ನಿಂತ.

ಎಲ್ಲರೂ ಶಾಂತಯ್ಯನವರ ಮುಖ ನೋಡಿದರು. ಅವರು ಒಂದು ಸುತ್ತು ಬಂದು, ಲಿಂಗ ಹಿಡಿದ ಎಡಗೈಯನ್ನು ಮುಟ್ಟಿ ನೋಡಿ, ಅದು ಅಲುಗಿಲ್ಲ ಎಂದು ಖಾತ್ರಿ ಮಾಡಿಕೊಂಡರು.

“ಎಡಗೈ ಲಿಂಗದ್ದು,” ಎಂದರು ಕೊನೆಗೆ. “ಬಲಗೈ ಅವರದ. ಇರಲಿ.”

“ಈಗ ನೋಡ್ರಿ,” ಎಂದಳು ಮುರಿಗೆವ್ವ, ಗೋಡೆ ಹಿಡಿದು ಹೊಸ್ತಿಲಲ್ಲಿ ನಿಂತು. “ಕಾರವಾರ ಬಸ್ಸಿಗೆ ಕುಂತಂಗ ಕುಂತ ನನ್ನ ತಮ್ಮ.” ಹೇಳುತ್ತ ಹೇಳುತ್ತ ಅವಳ ನಾಲಿಗೆ ಮೊದಲ ಬಾರಿಗೆ ತಡವರಿಸಿತು. ಶಾಂಭವಿ ಹೋಗಿ ಅತ್ತೆಯನ್ನು ಹಿಡಿದುಕೊಂಡಳು.

ಹೂವು ಕಟ್ಟುವವರು ಕೆಲಸಕ್ಕೆ ಕೈಹಚ್ಚಿದಾಗ ದಾಕ್ಷಾಯಿಣಿ ಅಹಮದಸಾಬನ ಹತ್ತಿರ ಬಂದಳು. “ಅಣ್ಣಾರ, ಒಂದ ಚೂರು ಹಿತ್ತಲಿಗೆ ಬರ್ರಿ. ಸಂದಿಗುಂಟ ಹೋಗೂಣು, ಹೊಸ್ತಲಾ ಹತ್ತೂದಿಲ್ಲ.”

ಅವಳು ತಾಡಪತ್ರಿಯನ್ನು ಎಳೆದಳು. ಮಗುಚಿದ ದೋಣಿಯ ತಳದಲ್ಲಿ, ಹಿಂಭಾಗದ ನಟ್ಟನಡುವೆ, ಸಣ್ಣ ಸೀಳು ಕಂಡಿತು. ಅದರ ಅಂಚಿನಲ್ಲಿ ಪೆನ್ಸಿಲ್ಲಿನ ಗೆರೆ ಇನ್ನೂ ಒಂದಿಷ್ಟು ಉಳಿದಿತ್ತು.

ಅಹಮದಸಾಬ ಬಾಗಿದ. ಸೀಳಿನಲ್ಲಿ ತೋರುಬೆರಳು ಹಾಕಿದ. ಈ ತುದಿಯಿಂದ ಆ ತುದಿಗೆ ಆಡಿಸಿದ.

“ಯಾವಾಗ?”

“ಶ್ರಾವಣದಾಗ. ದೀಪಾವಳಿಗೆ ತಾವ ಬಂದು ಕರಿಯಾವರಿದ್ರು ನಿಮ್ಮನ್ನ. ಬಾಲಾ ಮಿಸ್ತ್ರಿ ಕೈದ ಆಗಬೇಕು ಅಂದಿದ್ರು.”

ಅವನ ಬೆರಳು ಸೀಳಿನಲ್ಲೇ ಇತ್ತು. ಒಳಗೆ ಖಾಲಿ ಪೆಟ್ಟಿಗೆಯ ಗೋಡೆ, ದಾರದ ತುದಿ. “ಒಂದು ನೂಲು ಅತ್ತಿತ್ತ ಆಗಿಲ್ಲ ನೋಡ್ರಿ ವೈನಿ,” ಎಂದ. ದಾಕ್ಷಾಯಿಣಿ ಬೇರೆ ಕಡೆ ನೋಡುತ್ತ ನಿಂತಳು. ಹಗ್ಗದ ಮೇಲೆ ನಿನ್ನೆ ಒಗೆದ ಅಂಗಿ ಒಣಗಿತ್ತು. ಅದನ್ನು ತೆಗೆದು ಮಡಚಿದಳು.

ಅಹಮದಸಾಬ ಮುಖ ಒರೆಸಿಕೊಂಡು ಅಂಗಳದ ಕಡೆ ತಿರುಗಿದ. “ನಿಂದರ್ರಿ, ಬಿಚ್ಚಕೊಂಡ ಬರ್ತೇನಿ. ಅವನ ಕಣ್ಣಮುಂದ ಕೂಡಸಿಬಿಡ್ತೇನಿ.”

“ಬ್ಯಾಡ್ರಿ. ಬಿಚ್ಚಬ್ಯಾಡ್ರಿ. ಅವರು ಈಗ ಕುಂತಾರ.”

“ಮತ್ತ ಇದಕ್ಕ?”

“ಇನ್ನೊಂದ ಮಾಡ್ರಿ.”

“ಮಾಡ್ತೇನಿ. ಆದ್ರ ಯಾರ ಕುಂದರ್ತಾರ ವೈನಿ ಇದರಾಗ?”

ದಾಕ್ಷಾಯಿಣಿ ಮಡಚಿದ ಅಂಗಿಯ ಬಲ ಮೊಣಕೈ ತೇಪೆಯ ಮೇಲೆ ಹೆಬ್ಬೆರಳು ಆಡಿಸಿದಳು. ಈ ದೋಣಿಯ ಅರ್ಧ ಹೊಲಿಗೆ ಅವಳು ಎಳೆದದ್ದು.

“ನೀವು ಮೊದಲ ಮಾಡ್ರಿ,” ಎಂದಳು.

ಅವನು ಅಳತೆಪಟ್ಟಿಗಾಗಿ ಕಿಸೆ ತಡಕಿದ. ಸಾವಿನ ಮನೆಗೆ ಅದನ್ನು ತಂದಿರಲಿಲ್ಲ. ದಾಕ್ಷಾಯಿಣಿ ಸಂದಿಯ ತುದಿಗೆ ಹೋಗಿ, ಹೂವಿನ ಬುಟ್ಟಿಯ ಪಕ್ಕ ಬಿದ್ದಿದ್ದ ಮಾಲೆಯ ದಾರದ ತುಂಡನ್ನು ತಂದುಕೊಟ್ಟಳು. ಅಹಮದಸಾಬ ಅದನ್ನು ಸೀಳಿಗೆ ಹಿಡಿದು, ಉದ್ದಕ್ಕೆ ಒಂದು ಗಂಟು, ಅಗಲಕ್ಕೆ ಒಂದು ಗಂಟು ಹಾಕಿ, ಸುತ್ತಿ ಎದೆಯ ಕಿಸೆಗೆ ಇಟ್ಟುಕೊಂಡ.

ತಾಳಗಳು ಮತ್ತೆ ಶುರುವಾದವು. ಎತ್ತುವಾಗ ಬಲಗಡೆ ಭಾರ ಹೆಚ್ಚಾಗಿ ವಿಮಾನ ಒಮ್ಮೆ ಓಲಾಡಿತು. “ಬಲಕ್ಕ ಇನ್ನೊಬ್ರು ಬರ್ರಿ,” ಎಂದು ಯಾರೋ ಕೂಗಿದರು. ಅಹಮದಸಾಬ ಟೊಪ್ಪಿಗೆ ಸರಿಮಾಡಿಕೊಂಡು ಮುಂದಿನ ಬಲ ಬಿದಿರಿಗೆ ಹೆಗಲು ಕೊಟ್ಟ. ಓಲಾಟ ನಿಂತಿತು. ಅವನ ತಲೆಯ ಮೇಲೆಯೇ ಗೆಳೆಯನ ಮೊಣಕೈ ಇತ್ತು.

ಹೆಂಗಸರು ಓಣಿಯ ತುದಿಯವರೆಗೆ ಬಂದರು. ಅಲ್ಲಿಂದ ದೊಡ್ಡ ರಸ್ತೆ. ದಾಕ್ಷಾಯಿಣಿ ಮಗಳ ತೋಳು ಹಿಡಿದು ಮೂಲೆಯಲ್ಲಿ ನಿಂತಳು. ವಿಮಾನ ರಸ್ತೆಗೆ ಇಳಿದು ಎಡಬದಿ ಹಿಡಿದು ಹೊರಟಿತು. ಎದುರಿನಿಂದ ಬಸ್ಸೊಂದು ಬಂತು. ಮೆರವಣಿಗೆ ಕಂಡು ನಿಂತಿತು, ಇಂಜಿನ್ನೂ ಬಂದಾಯಿತು. ಚಾಲಕ ಪ್ರಾಯದವನು, ಬಲ ಮೊಣಕೈ ಕಿಟಕಿಯ ಮೇಲಿತ್ತು. ಹೂವಿನ ನಡುವೆ ಕುಳಿತವನನ್ನು ಅವನು ಸುಮ್ಮನೆ ನೋಡುತ್ತಿದ್ದ. ಯಾರೆಂದು ಅವನಿಗೆ ಗೊತ್ತಿರಲಿಕ್ಕಿಲ್ಲ.

ವಿಮಾನ ಬಸ್ಸಿನ ಸಮಕ್ಕೆ ಬಂತು. ಒಂದು ಕ್ಷಣ ಎರಡೂ ಮೊಣಕೈಗಳು ಒಂದೇ ಎತ್ತರದಲ್ಲಿ ಎದುರುಬದುರಾದವು.

ಚಾಲಕ, ಮೊಣಕೈ ಎತ್ತದೆ, ಅಂಗೈ ಎತ್ತಿದ.